ಕಾಯಿಲೆಯ ರಜೆ: ಹೊಣೆ ಯಾರದು?

ನೌಕರರು ಮಾತು ಮಾತಿಗೆ ಕಾಯಿಲೆಯ ರಜೆ ಕೇಳುತ್ತಾರೆಂಬ ದೂರು ಎರ್ನಾಕುಳದ ಹೋಟೆಲುಗಳಲ್ಲಿಯೂ ತಿರುವನಂತಪುರದ ಖಾಸಗಿ ಕಚೇರಿಗಳಲ್ಲಿಯೂ ಕೇಳಿಬರುತ್ತಿದೆ. ದೂರುವವರು ಮಾಲಿಕರು, ಅವರ ತೀರ್ಪೂ ಸಿದ್ಧವಾಗಿರುತ್ತದೆ: "ಹುಡುಗರು ಸೋಮಾರಿಗಳಾದರು." ಗಲ್ಲಾದ ಮುಂದೆ ವರ್ಷಗಟ್ಟಲೆ ಕುಳಿತ ನಮಗೆ ಈ ಮಾತು ಹೊಸತಲ್ಲ. ಆದರೆ ದೂರುವಷ್ಟು ಸುಲಭವಾಗಿ ಕಾರಣವನ್ನು ತಿಳಿಯಲಾಗದು.

1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ನೌಕರನಿಗೆ ವರ್ಷಕ್ಕೆ 12 ದಿನ ಕಾಯಿಲೆಯ ರಜೆಯನ್ನೂ 12 ದಿನ ಸಾಂದರ್ಭಿಕ ರಜೆಯನ್ನೂ ಸಂಬಳಸಹಿತವಾಗಿ ವಿಧಿಸಿದೆ. ವರ್ಷ ಪೂರೈಸಿದವನಿಗೆ 12 ದಿನಗಳ ವಾರ್ಷಿಕ ರಜೆ, ವಾರಕ್ಕೊಂದು ದಿನದ ಬಿಡುವು ಇವು ಬೇರೆ. ಎಷ್ಟೋ ಕಡೆ ಇವುಗಳಲ್ಲಿ ಮೊದಲನೆಯದೊಂದೇ ಉಳಿದಿದೆ. ಏಕೆಂದರೆ ಜ್ವರವನ್ನು ಯಾವ ಮಾಲಿಕನೂ ಬೇಡವೆನ್ನಲಾರ. ಕುಂದಾಪುರದ ಮಾಣಿಗೆ ಊರಿನಲ್ಲಿ ತಂಗಿಯ ನಿಶ್ಚಿತಾರ್ಥವೆನ್ನೋಣ. ತಿರುವನಂತಪುರದಿಂದ ಹೋಗಿಬರುವ ರೈಲಿಗೇ ಒಂದು ದಿನಕ್ಕೆ ಮಿಕ್ಕಿ ಬೇಕು. ನಿಜ ಹೇಳಿದರೆ "ಈಗ ಆಗದು" ಎಂಬ ಉತ್ತರ, ಜ್ವರವೆಂದರೆ ರಜೆ. ಸುಳ್ಳನ್ನು ಕಲಿಸಿದವರು ಯಾರು?

ನಿಜವಾದ ಕಾಯಿಲೆಯ ಮೂಲವನ್ನೂ ನೋಡಬೇಕು. ನಿಂತು ದುಡಿಯುವವರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂಬುದನ್ನು 2018ರಲ್ಲಿ ಇದೇ ಕಾಯಿದೆಗೆ ಸೇರಿಸಬೇಕಾಗಿ ಬಂದಿತು. ಗುಮಾಸ್ತರ ಕಷ್ಟ ಇನ್ನೊಂದು ಬಗೆ. 1985ರಲ್ಲಿ ಲಂಡನ್ನಿನ 10,308 ಸರ್ಕಾರಿ ನೌಕರರನ್ನು ಕುರಿತು ಆರಂಭವಾದ ಅಧ್ಯಯನವೊಂದು, ಕಾಯಿಲೆಯ ರಜೆ ಕೆಳದರ್ಜೆಯವರಲ್ಲಿಯೇ ಅಧಿಕವೆಂದೂ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರು ಹೆಚ್ಚು ಕಾಯಿಲೆ ಬೀಳುವರೆಂದೂ ಕಂಡುಕೊಂಡಿತು.

ರಜೆ ಹಾಕುವವನಿಗಿಂತ ಹಾಕದವನ ವಿಷಯವೇ ನಮ್ಮನ್ನು ಹೆಚ್ಚು ಕಾಡುತ್ತದೆ. ಸಂಬಳ ಕಡಿದಾರೆಂಬ ಅಂಜಿಕೆಯಿಂದ ಭೇದಿಯನ್ನೋ ಕಾಮಾಲೆಯನ್ನೋ ಮುಚ್ಚಿಟ್ಟು ಬಡಿಸುವವನಿಂದ ಅಪಾಯ ಗಿರಾಕಿಗೆ. 2023ರಲ್ಲಿ ಕೇರಳ ಸರ್ಕಾರ ಹೋಟೆಲು ನೌಕರರಿಗೆ ಹೆಲ್ತ್ ಕಾರ್ಡನ್ನು ಕಡ್ಡಾಯ ಮಾಡಿತು. ಆ ಕಾರ್ಡು ವೈದ್ಯರು ಸಹಿ ಹಾಕಿದ ದಿನದ ಆರೋಗ್ಯವನ್ನು ಹೇಳೀತು, ಇಂದಿನ ಭೇದಿಯನ್ನು ಹೇಳದು. ಅದನ್ನು ಹೇಳಬೇಕಾದವನು ನೌಕರನೇ. ಹೇಳುವ ಧೈರ್ಯ ಬರುವುದು ಮಾಲಿಕನ ನಡತೆಯಿಂದ.

ಮಾಲಿಕನಿಗೆ ಇದರಲ್ಲಿ ನೆರವೂ ಉಂಟು. 1948ರ ಕಾಯಿದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮಾ ಯೋಜನೆಗೆ ಮಾಲಿಕ ಸಂಬಳದ ನೂರಕ್ಕೆ 3.25ರಷ್ಟನ್ನೂ ನೌಕರ 0.75ರಷ್ಟನ್ನೂ ಕಟ್ಟುತ್ತಾರೆ. ಅರ್ಹನಾದ ನೌಕರನಿಗೆ ಕಾಯಿಲೆಯ ಮೊದಲೆರಡು ದಿನ ಕಳೆದ ಮೇಲೆ ಸಂಬಳದ ನೂರಕ್ಕೆ 70ರಂತೆ, ವರ್ಷದಲ್ಲಿ 91 ದಿನಗಳವರೆಗೆ ಹಣ ದೊರೆಯುತ್ತದೆ. ಯೋಜನೆಗೆ ಒಳಪಡುವ ಹೋಟೆಲಿನಲ್ಲಿದ್ದೂ ಹುಡುಗರ ಹೆಸರನ್ನು ಪಟ್ಟಿಗೆ ಸೇರಿಸದ ಮಾಲಿಕ ಉಳಿಸುವುದು ಅಲ್ಪ, ಕಳೆಯುವುದು ಬಹಳ.

ನೌಕರ ಬಂಧುಗಳಿಗೂ ಒಂದು ಮಾತು. ಸುಳ್ಳು ಸರ್ಟಿಫಿಕೇಟು ನಾಳಿನ ನಿಜವಾದ ಜ್ವರದ ಬೆಲೆಯನ್ನು ಕಳೆಯುತ್ತದೆ. ಬಾರದವನ ಮೇಜುಗಳ ಹೊರೆ ಬೀಳುವುದು ಮಾಲಿಕನ ಹೆಗಲಿಗಲ್ಲ, ಜೊತೆಯವನ ಕಾಲುಗಳಿಗೆ.

ಆದರೂ ಮೊದಲ ಹೆಜ್ಜೆ ಮಾಲಿಕರದೇ. ವಾರದ ಬಿಡುವು ಯಾರಿಗೆ ಯಾವ ದಿನವೆಂದು ಬರೆದು ಗೋಡೆಗೆ ಅಂಟಿಸಲಿ. ಬದಲಿಗೆ ಒಬ್ಬನನ್ನು ಹೆಚ್ಚಾಗಿ ಇಟ್ಟುಕೊಳ್ಳಲಿ. ಊರಿಗೆ ಹೋಗುವ ರಜೆಯನ್ನು ಊರಿನ ಹೆಸರಿನಲ್ಲಿಯೇ ಕೇಳಗೊಡಲಿ. ಇಷ್ಟು ಮಾಡಿದ ಮೇಲೂ ರಜೆಯ ಚೀಟಿಗಳು ಹೆಚ್ಚಿದರೆ ಆಗ ದೂರೋಣ. ಅಲ್ಲಿಯವರೆಗೆ ದೂರುವ ಹಕ್ಕು ನಮಗಿಲ್ಲ.