ಅಜ್ಜಯ್ಯನ ಪೂಲು, ಅಪ್ಪನ ಮಾರ್ಕೆಟ್ಟು

ಹೋದ ಸಲ ಇದೇ ಅಂಕಣದಲ್ಲಿ ಈರುಳ್ಳಿ ರಫ್ತು ನಿಷೇಧ ಯಾಕೆ ತಪ್ಪು ಅಂತ ಬರೆದಿದ್ದೆ. ಓದುಗರೊಬ್ಬರು ಒಂದೇ ಸಾಲಿನ ಉತ್ತರ ಕಳಿಸಿದ್ದರು: "ತಿಂಗಳ ಸಂಬಳ ಎಣಿಸೋರಿಗೆ ಮುಕ್ತ ಮಾರುಕಟ್ಟೆ ಬಗ್ಗೆ ಬರೆಯೋದು ಸುಲಭ." ಬೇಜಾರಾಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೆ ಮಾತು ಪೂರ್ತಿ ತಪ್ಪೂ ಅಲ್ಲ. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ನನಗೆ ಯಾವ ಬೆಳೆಯ ಬೆಲೆ ಬಿದ್ದರೂ ಒಂದನೇ ತಾರೀಕು ಸಂಬಳ ಬರುತ್ತೆ. ಬರದೇ ಇರೋರು ಊರಲ್ಲಿದ್ದಾರೆ. ಹಾಗಾಗಿ ಈ ಸಲ ನಮ್ಮ ಮನೆ ಕಥೆಯನ್ನೇ ಹೇಳ್ತೀನಿ.

ನಮ್ಮದು ಮೂಡಿಗೆರೆ ಕಡೆ ಆರು ಎಕರೆ ಕಾಫಿ ತೋಟ, ಹೆಚ್ಚಿನದು ಅರೇಬಿಕಾ. ಅಜ್ಜಯ್ಯ ತೀರಿಕೊಂಡ ಮೇಲೆ ಅವರ ಟ್ರಂಕ್ ತೆಗೆದಾಗ ಅದರಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಚೀಟಿ ಸಿಕ್ಕಿತು. ಎಲ್ಲಾ ಪೂಲಿನ ರಸೀದಿಗಳು. ಕಾಫಿ ನಾಡಿನ ಹಿರಿಯರಿಗೆ 'ಪೂಲ್' ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ನನ್ನ ವಯಸ್ಸಿನವರಿಗೆ ಹೇಳಬೇಕು.

ಎರಡನೇ ಮಹಾಯುದ್ಧ ಶುರುವಾದಾಗ ನಮ್ಮ ಕಾಫಿಗೆ ಯುರೋಪಿನ ಬಾಗಿಲು ಮುಚ್ಚಿತು. ಬೆಳೆಗಾರರು ಮುಳುಗೋ ಹೊತ್ತಿನಲ್ಲಿ ಸರ್ಕಾರ ಒಂದು ವ್ಯವಸ್ಥೆ ಮಾಡಿತು. 1942ರ ಕಾಫಿ ಕಾಯ್ದೆ ಅದಕ್ಕೆ ಗಟ್ಟಿ ರೂಪ ಕೊಟ್ಟಿತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಹಾಕಬೇಕು, ಮನೆ ಖರ್ಚಿಗೆ ಮತ್ತು ಬಿತ್ತನೆಗೆ ಮಾತ್ರ ಇಟ್ಟುಕೊಳ್ಳಬಹುದು. ಮಂಡಳಿ ಅದನ್ನು ಹರಾಜು ಹಾಕಿ ಬಂದ ದುಡ್ಡನ್ನು ಸರಾಸರಿ ಲೆಕ್ಕದಲ್ಲಿ ಹಂಚುತ್ತೆ. ಆ ಹೊತ್ತಿಗೆ ಅದು ಆಸರೆಯೇ ಆಗಿತ್ತು, ಒಪ್ಪುತ್ತೇನೆ. ಆದರೆ ಯುದ್ಧ 1945ರಲ್ಲಿ ಮುಗಿಯಿತು. ಪೂಲ್ ಮುಗಿದದ್ದು 1996ರಲ್ಲಿ! ತಾತ್ಕಾಲಿಕ ಅಂತ ಬಂದ ಸರ್ಕಾರಿ ವ್ಯವಸ್ಥೆ ಮನೆಗೆ ಬಂದ ನೆಂಟರ ಹಾಗೆ, ಯಾವಾಗ ಹೊರಡ್ತೀರಿ ಅಂತ ಕೇಳೋ ಧೈರ್ಯ ಯಾರಿಗೂ ಇರಲ್ಲ.

ಅಜ್ಜಯ್ಯ ಪೂಲನ್ನ ಬೈಯದ ದಿನ ಇರಲಿಲ್ಲವಂತೆ. ಕಾಫಿ ಕೊಟ್ಟ ಕೂಡಲೇ ಮುಂಗಡ ಅಂತ ಒಂದಿಷ್ಟು ಬರೋದು. ಉಳಿದದ್ದು ಕಂತು ಕಂತಾಗಿ, ಮಾಲು ಮಾರಾಟವಾದ ಹಾಗೆಲ್ಲಾ. ಒಂದು ವರ್ಷದ ಬೆಳೆಯ ಕೊನೇ ಕಂತು ಕೈಗೆ ಬರೋ ಹೊತ್ತಿಗೆ ಮುಂದಿನ ಬೆಳೆ ಕಣದಲ್ಲಿ ಒಣಗ್ತಾ ಇರೋದು. ಮಧ್ಯದಲ್ಲಿ ಗೊಬ್ಬರಕ್ಕೆ, ಆಳುಗಳ ಕೂಲಿಗೆ ಸಾಹುಕಾರರ ಹತ್ತಿರ ಬಡ್ಡಿ ಸಾಲ. ತನ್ನ ಕಾಫಿ ಮಾರಾಟವಾಗಲಿ ಅಂತ ಕಾಯುತ್ತಾ, ತನ್ನದೇ ದುಡ್ಡಿಗೆ ಬೇರೆಯವರಿಗೆ ಬಡ್ಡಿ ಕಟ್ಟೋದು. ಇನ್ನು ಯಾರಾದರೂ ಕಾಯೋಕಾಗದೆ ಎರಡು ಮೂಟೆ ಹೊರಗೆ ಮಾರಿದರೆ ಅದು ಅಪರಾಧ.

ಈ ವ್ಯವಸ್ಥೆಯ ತಮಾಷೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಕರ್ನಾಟಕ ಸರ್ಕಾರ ಖರೀದಿ ತೆರಿಗೆ ಕಟ್ಟಿ ಅಂದಾಗ ಕಾಫಿ ಮಂಡಳಿ, ನಾವು ಖರೀದಿ ಮಾಡ್ತಾನೇ ಇಲ್ಲ, ಕಾನೂನಿನ ಪ್ರಕಾರ ಕಡ್ಡಾಯವಾಗಿ ವಶಕ್ಕೆ ತಗೊಳ್ತಾ ಇದ್ದೀವಿ ಅಂತ ವಾದಿಸಿತು. 1988ರಲ್ಲಿ ಕೋರ್ಟು ಇಲ್ಲ, ಇದು ಮಾರಾಟವೇ, ತೆರಿಗೆ ಕಟ್ಟಿ ಅಂತ ತೀರ್ಪು ಕೊಟ್ಟಿತು. ಕಾನೂನಿನ ಸೂಕ್ಷ್ಮ ಏನೇ ಇರಲಿ, ಮಂಡಳಿಯೇ ತನ್ನ ಬಾಯಾರೆ 'ಕಡ್ಡಾಯವಾಗಿ ತಗೊಳ್ತೀವಿ' ಅಂತ ಹೇಳಿಕೊಂಡಿದ್ದನ್ನು ಓದಿದಾಗ ನನಗೆ ಅಜ್ಜಯ್ಯನ ಬೈಗುಳ ಅರ್ಥವಾಯಿತು.

ನನ್ನ ಮಟ್ಟಿಗೆ ಪೂಲಿನ ದೊಡ್ಡ ತಪ್ಪು ತಡವಾದ ದುಡ್ಡು ಕೂಡ ಅಲ್ಲ. ಫ್ರೆಡ್ರಿಕ್ ಹಯೆಕ್ ಅನ್ನೋ ಅರ್ಥಶಾಸ್ತ್ರಜ್ಞ 1945ರಲ್ಲಿ ಬರೆದ ಲೇಖನವೊಂದರಲ್ಲಿ ತವರದ ಉದಾಹರಣೆ ಕೊಡ್ತಾನೆ. ಎಲ್ಲೋ ಒಂದು ಗಣಿ ನಿಂತುಹೋಯ್ತು ಅನ್ಕೊಳ್ಳಿ. ತವರ ಬಳಸೋರಿಗೆ ಆ ಸುದ್ದಿ ಗೊತ್ತಾಗಬೇಕಾಗಿಲ್ಲ. ಬೆಲೆ ಏರಿತು ಅಂತ ಗೊತ್ತಾದ್ರೆ ಸಾಕು, ತಾವಾಗಿಯೇ ಕಮ್ಮಿ ಬಳಸ್ತಾರೆ. ಅಂದ್ರೆ ಬೆಲೆ ಅನ್ನೋದು ಒಂದು ಸುದ್ದಿ. ಪೂಲ್ ಮಾಡ್ತಿದ್ದದ್ದು ಆ ಸುದ್ದಿಯನ್ನು ಎಲ್ಲರ ಜೊತೆ ಕಲಸಿ, ಸರಾಸರಿ ಮಾಡಿ, ಕಂತಿನಲ್ಲಿ ಕಳಿಸೋದು. ಅಂಥ ಹಳಸಿದ ಡೇಟಾ ಇಟ್ಕೊಂಡು ನಮ್ಮ ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಕೂಡ ಬದಲಾಯಿಸಲ್ಲ. ಬೆಳೆಗಾರ ಮಾತ್ರ ಅದನ್ನು ನಂಬಿಕೊಂಡು ಮೂವತ್ತು ವರ್ಷ ಬಾಳೋ ಗಿಡ ನೆಡಬೇಕಿತ್ತು.

1990ರ ದಶಕದಲ್ಲಿ ಹಂತ ಹಂತವಾಗಿ ಕಟ್ಟು ಸಡಿಲವಾಯಿತು. ಮೊದಲು ಬೆಳೆಯ ಒಂದು ಪಾಲು ಹೊರಗೆ ಮಾರಬಹುದು ಅಂದರು, ಆಮೇಲೆ ಸಣ್ಣ ಬೆಳೆಗಾರರಿಗೆ ಪೂರ್ತಿ, 1996ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ. ನನಗೂ ಕಾಫಿಯ ಸ್ವಾತಂತ್ರ್ಯಕ್ಕೂ ಹೆಚ್ಚು ಕಮ್ಮಿ ಒಂದೇ ವಯಸ್ಸು. ಅದೇ ಸಮಯಕ್ಕೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟುಹೋಗಿ ಬೆಲೆ ಗಗನಕ್ಕೆ ಹೋಯಿತು. ವ್ಯಾಪಾರಿ ಕಣಕ್ಕೇ ಬಂದು, ಪಾರ್ಚ್‌ಮೆಂಟ್ ತೂಗಿ, ದುಡ್ಡು ಎಣಿಸಿ ಕೊಟ್ಟು ಹೋದನಂತೆ. ಅಜ್ಜಯ್ಯ ಆ ರಾತ್ರಿ ದುಡ್ಡನ್ನ ದಿಂಬಿನ ಕೆಳಗಿಟ್ಟು ಎರಡು ಸಲ ಎದ್ದು ನೋಡಿದ್ದರು ಅಂತ ಅಮ್ಮ ಈಗಲೂ ನಗ್ತಾರೆ. ನಾವಿರೋ ತಾರಸಿ ಮನೆ ಆ ದುಡ್ಡಿಂದಲೇ ಎದ್ದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಗೆದ್ದ ಹಾಗೆ. ಆದರೆ 2001-02 ಬಂತು. ವಿಯೆಟ್ನಾಂ ಸುರಿದ ಕಾಫಿಯೂ ಸೇರಿ ಜಗತ್ತಿನಲ್ಲೆಲ್ಲಾ ಬೆಲೆ ನೆಲಕಚ್ಚಿತು. ನನಗಾಗ ಏಳು ವರ್ಷ. ಅಮ್ಮನ ಕೈಯಲ್ಲಿ ಬಳೆ ಕಾಣದೆ ಕೇಳಿದ್ದಕ್ಕೆ "ಬ್ಯಾಂಕಲ್ಲಿ ಜೋಪಾನವಾಗಿದೆ" ಅಂದಿದ್ದರು. ಹಣ್ಣು ಕೊಯ್ಯಿಸೋ ಕೂಲಿ ಕೂಡ ಗಿಟ್ಟಲ್ಲ ಅಂತ ಅಪ್ಪ ಹಿಂದಿನ ತುಂಡನ್ನ ಹಾಗೇ ಬಿಟ್ಟರು. ಜಗಲಿ ಮೇಲೆ ಕೂತಿದ್ದ ಅಜ್ಜಯ್ಯ, ಜೀವಮಾನವಿಡೀ ಪೂಲನ್ನ ಬೈದಿದ್ದ ಅದೇ ಅಜ್ಜಯ್ಯ, "ಪೂಲ್ ಇದ್ದಿದ್ರೆ ಮುಂಗಡನಾದ್ರೂ ಬರ್ತಿತ್ತು ಕಣೋ" ಅಂದರು. ಅಪ್ಪ ಮಾತಾಡಲಿಲ್ಲ.

ಆ ಮಾತಿಗೆ ಉತ್ತರ ಹುಡುಕ್ತಾನೇ ನಾನು ಈ ಪುಸ್ತಕಗಳಿಗೆ ಬಿದ್ದದ್ದು ಅನ್ಸುತ್ತೆ. ಪೂಲಿಗೆ ಹೊರಗಿನ ಬೆಲೆ ಏರಿಸೋ ಶಕ್ತಿ ಇರಲಿಲ್ಲ, ಬಿದ್ದ ಬೆಲೆಯನ್ನೇ ಸರಾಸರಿ ಮಾಡಿ ಹಂಚುತ್ತಿತ್ತು. ಇದು ಅರ್ಧ ಉತ್ತರ. ಇನ್ನರ್ಧ ಅಪ್ಪ ಮಾಡಿದ್ದು. ಆ ಕೆಟ್ಟ ವರ್ಷಗಳಲ್ಲಿ ಸಿಲ್ವರ್ ಓಕ್ ಮರಗಳಿಗೆಲ್ಲಾ ಮೆಣಸಿನ ಬಳ್ಳಿ ಹಬ್ಬಿಸಿದರು. ಕಾಂಡಕೊರಕ ತಿಂದ ತುಂಡಿನಲ್ಲಿ ರೊಬಸ್ಟಾ ಹಾಕಿದರು. ಯಾರೂ ಆದೇಶ ಕೊಡಲಿಲ್ಲ, ಬೆಲೆ ಹೇಳಿತು, ಅಪ್ಪ ಕೇಳಿಸಿಕೊಂಡರು. (ಗಿಡದ ತಳಿಯ ಬಗ್ಗೆ ಮಾತ್ರ ಬಾಳೆಹೊನ್ನೂರಿನ ಸರ್ಕಾರಿ ಸಂಶೋಧನಾ ಕೇಂದ್ರದವರು ಹೇಳಿದ ಹಾಗೇ ಮಾಡಿದ್ದು. ಇದನ್ನ ಬಚ್ಚಿಟ್ಟರೆ ಅಪ್ಪ ಫೋನ್ ಮಾಡ್ತಾರೆ.) ಆದರೂ ನಾನೂರು ಎಕರೆಯವರಿಗೆ ಗೋದಾಮಿದೆ, ಕಾಯ್ತಾರೆ. ಆರು ಎಕರೆಯವರ ಸ್ವಾತಂತ್ರ್ಯ ಶನಿವಾರದ ಬಟವಾಡೆವರೆಗೆ ಮಾತ್ರ. ಇದಕ್ಕೆ ನನ್ನ ಪುಸ್ತಕಗಳು ಕೊಡೋ ಉತ್ತರ ಗೋದಾಮಿನ ರಸೀದಿ ಮೇಲೆ ಸಾಲ. ಅಪ್ಪನಿಗೆ ಹೇಳಿದರೆ ಕಾಗದ ಪತ್ರದ ಪಟ್ಟಿ ಓದಿ ನಗ್ತಾರೆ.

2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ನಾನು ಮೀಟಿಂಗ್‌ನಲ್ಲಿದ್ದೆ, ಅಪ್ಪನ ಫೋನು.

"ಮಾರ್ಲೋ, ಇಟ್ಕೊಳ್ಳೋ?"

"ನಂಗೆ ಹೇಗಪ್ಪ ಗೊತ್ತಾಗುತ್ತೆ?"

"ಮಾರ್ಕೆಟ್ ಬಗ್ಗೆ ಊರಿಗೆಲ್ಲಾ ಬರೀತೀಯ?"

ಒಂದು ಕಡೆ ಕೂತವರಿಗೆ ಎಲ್ಲಾ ಗೊತ್ತಿರೋಕೆ ಸಾಧ್ಯವಿಲ್ಲ ಅನ್ನೋದೇ ನಾನು ಬರೆಯೋದು ಅಂತ ಹೇಳೋಕೆ ಹೋದೆ. "ಗೊತ್ತಿಲ್ಲ ಅನ್ನೋಕೆ ಇಂಜಿನಿಯರಿಂಗ್ ಓದಬೇಕಿತ್ತೇನೋ" ಅಂತ ಇಟ್ಟರು. ನಿಜ ಹೇಳಬೇಕು ಅಂದ್ರೆ, ಆ ಐದು ನಿಮಿಷ ಯಾರಾದರೂ ಒಬ್ಬರು, ಮಂಡಳಿಯೋ ಮಂತ್ರಿಯೋ, 'ಇಷ್ಟಕ್ಕೆ ಕೊಡು' ಅಂತ ಹೇಳಿಬಿಟ್ಟಿದ್ದರೆ ಸಾಕಿತ್ತು ಅಂತ ನನಗೂ ಅನ್ನಿಸಿತು.

ಸಂಜೆ ಅಮ್ಮ ಫೋನ್ ಮಾಡಿ ಹೇಳಿದರು. ನಲವತ್ತು ಮೂಟೆಯಲ್ಲಿ ಇಪ್ಪತ್ತೆರಡು ಮಾರಿದ್ದಾರೆ. ಸೊಸೈಟಿ ಸಾಲಕ್ಕೆ, ಬಟವಾಡೆಗೆ ಎಷ್ಟು ಬೇಕೋ ಅಷ್ಟು. ಯುಗಾದಿಗೆ ಊರಿಗೆ ಹೋದಾಗ ಉಳಿದ ಹದಿನೆಂಟು ನನ್ನ ರೂಮಿನಲ್ಲಿದ್ದವು. ನಾನು ಹಾಲಿನಲ್ಲಿ ಮಲಗಿದೆ.