ಯಾರೂ ಮುಟ್ಟದ ತೀರವಂತೆ!

ಉದ್ದದ ಪೋಸ್ಟು, ಪುರಸೊತ್ತಿದ್ದಾಗ ಓದಿ.

ಅಮೆರಿಕದಲ್ಲಿರೋ ಕನ್ನಡದವರೊಬ್ಬರ ಟ್ರಾವೆಲ್ ವಿಡಿಯೋ ಒಂದು ವಾರದಿಂದ ವಾಟ್ಸಾಪಲ್ಲಿ ಓಡಾಡ್ತಾ ಇದೆ. ಕೆರಿಬಿಯನ್ ಸಮುದ್ರದ ಆಂಟಿಗುವಾ ದ್ವೀಪದಲ್ಲಿ ಬೆಳಿಗ್ಗೆ ಕ್ಯಾಟಮರಾನ್ ಹತ್ತೋದು, ಸುಮಾರು 50 ಕಿ.ಮೀ. ಉತ್ತರಕ್ಕಿರೋ ಬಾರ್ಬುಡಾ ಅನ್ನೋ ದ್ವೀಪದ ಹತ್ತಿರ ಲಂಗರು ಹಾಕೋದು, ಮುಖಕ್ಕೆ ಮಾಸ್ಕು, ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ಹವಳದ ಮೇಲೆ ತೇಲ್ತಾ ಮೀನು ನೋಡೋದು, ಮಧ್ಯಾಹ್ನ ಮರಳ ಮೇಲೆ ಸುಟ್ಟ ಲಾಬ್‌ಸ್ಟರ್ ತಿನ್ನೋದು, ಸಂಜೆ ರಮ್ ಗ್ಲಾಸ್ ಹಿಡಿದು ವಾಪಸ್ ಬರೋದು. ಒಂದು ದಿನದ ಟ್ರಿಪ್. ನೀರು ನಿಜಕ್ಕೂ ಚೆಂದ ಇದೆ, ಸುಳ್ಳು ಹೇಳಲ್ಲ. ಆದರೆ ಅದರಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತೆ: 'ಯಾರೂ ಮುಟ್ಟದ ಬೀಚ್'. ಟೂರಿಸಂ ಜಾಹೀರಾತುಗಳಲ್ಲೂ ಇದೇ ಮಾತು. ಅನ್‌ಟಚ್ಡ್ ಅಂತೆ.

ಮುಟ್ಟೋದು, ಮುಟ್ಟದಿರೋದು ಅನ್ನೋ ಪದಗಳು ನಮ್ಮ ಕಿವಿ ಮೇಲೆ ಸಲೀಸಾಗಿ ಹಾದುಹೋಗಲ್ಲ. ಯಾರು ಮುಟ್ಟಿದರೆ ಅದು ಮುಟ್ಟಿದ ಲೆಕ್ಕ? ಯಾರು ಮುಟ್ಟಿದರೂ ಅದು ಲೆಕ್ಕಕ್ಕೇ ಬರಲ್ಲ? ಬಾರ್ಬುಡಾದಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷದಿಂದ ಜನ ಇದ್ದಾರೆ. ಆ ಮರಳನ್ನ ತುಳಿದಿದ್ದಾರೆ, ಆ ನೀರಲ್ಲಿ ಬಲೆ ಬೀಸಿದ್ದಾರೆ, ಆ ನೆಲದಲ್ಲಿ ಗೆಡ್ಡೆಗೆಣಸು ಬೆಳೆದಿದ್ದಾರೆ. ಅವರೆಲ್ಲ ಆಫ್ರಿಕಾದಿಂದ ಸರಪಳಿ ಹಾಕಿ ಹಡಗಲ್ಲಿ ತುಂಬಿ ತಂದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು. ಅವರು ಮುಟ್ಟಿದ್ದು ಲೆಕ್ಕಕ್ಕಿಲ್ಲ, ಅದಕ್ಕೇ ಆ ಬೀಚು 'ಯಾರೂ ಮುಟ್ಟದ' ಬೀಚು.

ಮೊದಲೇ ಹೇಳಿಬಿಡ್ತೀನಿ, ಸಮುದ್ರದಲ್ಲಿ ಈಜೋದು ತಪ್ಪು ಅನ್ನೋ ಮಡಿವಂತಿಕೆ ನನಗಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದದ್ದೇ ನೀರು ಎಲ್ಲರದೂ ಅಂತ ಹೇಳೋಕೆ. ನಮ್ಮ ಕೇರಿಯ ಹುಡುಗಿ ಓದಿ, ಕೆಲಸ ಹಿಡಿದು, ದುಡ್ಡು ಕೂಡಿಸಿ ಕೆರಿಬಿಯನ್‌ಗೆ ಹೋಗಿ ಹವಳದ ಮೇಲೆ ತೇಲಿದರೆ ಆ ಫೋಟೋಗೆ ಮೊದಲ ಲೈಕ್ ನನ್ನದೇ. ಖುಷಿ ಪಡೋದು ಮೇಲಿನವರ ಹಕ್ಕು, ಹೋರಾಟ ಮಾಡೋದು ನಮ್ಮ ಹಣೆಬರಹ ಅನ್ನೋ ಹಂಚಿಕೆಯನ್ನ ನಾನು ಒಪ್ಪಲ್ಲ. ನನ್ನ ತಕರಾರು ಆ ಟ್ರಿಪ್ಪನ್ನ ಹೇಗೆ ಕಟ್ಟಿದ್ದಾರೆ ಅನ್ನೋದರ ಮೇಲೆ.

ಹೇಗೆ ಕಟ್ಟಿದ್ದಾರೆ ನೋಡಿ. ವಿಡಿಯೋದ ದೋಣಿ ಬೀಚಿನ ಎದುರು ನಿಲ್ಲುತ್ತೆ. ದ್ವೀಪದಲ್ಲಿ ಇರೋದು ಒಂದೇ ಊರು, ಕಾಡ್ರಿಂಗ್ಟನ್. ಅದರೊಳಗೆ ಒಂದು ಹೆಜ್ಜೆ ಇಲ್ಲ. ಸ್ನಾರ್ಕೆಲಿಂಗ್ ಅಂದರೇನೇ ಮುಖ ನೀರಿಗೆ, ಬೆನ್ನು ದಡಕ್ಕೆ. ಮೀನಿನ ಹೆಸರು ಹೇಳಿಕೊಡೋ ಗೈಡು ಆ ಮೀನು ಹಿಡಿಯೋರ ಹೆಸರು ಹೇಳಲ್ಲ. ತಟ್ಟೆಗೆ ಬರೋ ಲಾಬ್‌ಸ್ಟರ್ ಹಿಡಿಯೋದೇ ಬಾರ್ಬುಡಾದ ಎಷ್ಟೋ ಮನೆಗಳ ಜೀವನೋಪಾಯ, ಅದೂ ಹೇಳಲ್ಲ. ಊರಿನ ಅನ್ನ ಬೇಕು, ಊರಿನ ಜನ ಬೇಡ. ಇದನ್ನ ಇನ್ನೂ ಬಿಡಿಸಿ ಹೇಳಬೇಕಾ ನಿಮಗೆ?

ಅಂದಹಾಗೆ ಕ್ಯಾಟಮರಾನ್ ಅನ್ನೋ ಪದವೇ ನಮ್ಮ ಕಡೆಯದು. ಕಟ್ಟುಮರಂ. ತಮಿಳು ಕರಾವಳಿಯ ಬೆಸ್ತರು ಮರದ ದಿಮ್ಮಿಗಳನ್ನ ಹಗ್ಗದಲ್ಲಿ ಬಿಗಿದು ಮಾಡ್ತಿದ್ದ ತೆಪ್ಪ. ಬ್ರಿಟಿಷರು ಪದ ಎತ್ತಿಕೊಂಡರು, ಆಮೇಲೆ ಎರಡು ಒಡಲಿನ ಬೇರೆಯದೇ ದೋಣಿಗೆ ಅದನ್ನ ಅಂಟಿಸಿದರು. ಪದ ಲಕ್ಷುರಿ ಆಯ್ತು, ಬೆಸ್ತರು ಬೆಸ್ತರಾಗೇ ಉಳಿದರು.

ಈಗ ಊರಿನ ಹೆಸರಿಗೆ ಬರೋಣ. ಕಾಡ್ರಿಂಗ್ಟನ್ ಅಂದರೆ ಮಾಲೀಕನ ಹೆಸರು. 1685ರಲ್ಲಿ ಕಾಡ್ರಿಂಗ್ಟನ್ ಅನ್ನೋ ಇಂಗ್ಲಿಷ್ ಕುಟುಂಬ ಇಡೀ ದ್ವೀಪವನ್ನ ರಾಜನಿಂದ ಗುತ್ತಿಗೆ ಹಿಡೀತು. ಬಾಡಿಗೆ ಎಷ್ಟು ಗೊತ್ತಾ? ಕೇಳಿದರೆ ಒಂದು ಕೊಬ್ಬಿದ ಕುರಿ. 161 ಚದರ ಕಿ.ಮೀ. ಭೂಮಿಗೆ ಒಂದು ಕುರಿ, ಅದೂ ಕೇಳಿದರೆ ಮಾತ್ರ! ಬಾರ್ಬುಡಾದ ನೆಲ ಸುಣ್ಣಕಲ್ಲು, ಮಳೆ ಕಮ್ಮಿ, ಕಬ್ಬು ಬರಲ್ಲ. ಹಾಗಾಗಿ ಅಲ್ಲಿನ ಗುಲಾಮರ ಕೈಲಿ ದನ ಕುರಿ ಸಾಕಿಸಿ, ದವಸ ಬೆಳೆಸಿ, ಆಂಟಿಗುವಾದ ಕಬ್ಬಿನ ತೋಟಗಳಿಗೆ ಕಳಿಸ್ತಿದ್ದರು. ಇದೇ ಕುಟುಂಬದ ಕ್ರಿಸ್ಟೋಫರ್ ಕಾಡ್ರಿಂಗ್ಟನ್ 1710ರಲ್ಲಿ ಸತ್ತಾಗ ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿಗೆ 10,000 ಪೌಂಡ್ ಬಿಟ್ಟುಹೋದ. ಅದರಲ್ಲಿ ಎದ್ದದ್ದು ಭರ್ಜರಿ ಗ್ರಂಥಾಲಯ. ಅಕ್ಷರ ಕಲಿಯೋ ಅವಕಾಶವೇ ಇಲ್ಲದವರ ಬೆವರಿನಲ್ಲಿ ಕಟ್ಟಿದ ಗ್ರಂಥಾಲಯ! ಕಾಲೇಜಿನವರು ಆ ಹೆಸರು ಬಳಸೋದು ಬಿಟ್ಟದ್ದು 2020ರಲ್ಲಿ. ಮಾಲೀಕನ ಹೆಸರು ಆಕ್ಸ್‌ಫರ್ಡಿನಿಂದ ಹೋಯ್ತು, ಬಾರ್ಬುಡಾದ ಊರಿಗೆ ಇನ್ನೂ ಅಂಟಿಕೊಂಡಿದೆ.

1834ರ ಆಗಸ್ಟ್ 1ಕ್ಕೆ ಗುಲಾಮಗಿರಿ ಕಾನೂನಿನಲ್ಲಿ ಹೋಯ್ತು. ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟದ್ದು ಯಾರಿಗೆ? ಮಾಲೀಕರಿಗೆ! 2 ಕೋಟಿ ಪೌಂಡ್. ಆ ಬಾಬ್ತಿನ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಗುಲಾಮರ ಮರಿಮಕ್ಕಳು ಇಂಗ್ಲೆಂಡಿನಲ್ಲಿ ಕಟ್ಟಿದ ತೆರಿಗೆಯಲ್ಲೂ ಅದು ಸೇರಿದೆ. ಬಿಡುಗಡೆಯಾದವರಿಗೆ ಒಂದು ಕಾಸಿಲ್ಲ, ಒಂದು ಗುಂಟೆ ಇಲ್ಲ.

ಬಾರ್ಬುಡಾದ ಜನ ಮಾಡಿದ್ದು ಇಲ್ಲೇ ದೊಡ್ಡದು. ಯಾರೂ ಕೊಡದಿದ್ದರೂ ಅವರು ಭೂಮಿ ಬಿಡಲಿಲ್ಲ. ಕಾಡ್ರಿಂಗ್ಟನ್ ಕುಟುಂಬ 1870ರಲ್ಲಿ ಕೈಬಿಟ್ಟು ಹೋಯ್ತು, ಜನ ಅಲ್ಲೇ ಉಳಿದರು. ಮನೆ ಊರಲ್ಲಿ, ಬೇಸಾಯ ಊರಾಚೆ. ಈ ವರ್ಷ ಇಲ್ಲಿ ಬೆಳೆದರೆ ಮುಂದೆ ಅದನ್ನ ಪಾಳು ಬಿಟ್ಟು ಇನ್ನೊಂದು ಕಡೆ. ದನ ಮೇಯೋಕೆ ಇಡೀ ದ್ವೀಪ. ಪಟ್ಟಾ ಇಲ್ಲ, ಪಹಣಿ ಇಲ್ಲ, ಭೂಮಿ ಎಲ್ಲರದು. ಈ ರೂಢಿಯನ್ನೇ 2007ರಲ್ಲಿ ಬಾರ್ಬುಡಾ ಭೂ ಕಾಯ್ದೆ ಅಂತ ಬರೆದಿಟ್ಟರು: ದ್ವೀಪದ ನೆಲ ಬಾರ್ಬುಡಾ ಜನರ ಸಾಮೂಹಿಕ ಒಡೆತನ, ಮಾರೋ ಹಾಗಿಲ್ಲ, ದೊಡ್ಡ ಯೋಜನೆ ಬಂದರೆ ಜನರ ಬಹುಮತದ ಒಪ್ಪಿಗೆ ಬೇಕು. ಆ ಬೀಚು ಇವತ್ತಿಗೂ ವಿಡಿಯೋದಲ್ಲಿ ಅಷ್ಟು ಚೆಂದ ಕಾಣೋದು ಯಾಕೆ ಅಂದುಕೊಂಡಿರಿ? ಹೋಟೆಲ್ ಕಂಪನಿಗಳಿಗೆ ದಯೆ ಬಂದಿತ್ತಾ? ಮಾರಲ್ಲ ಅಂತ ಜನ ಹಟ ಹಿಡಿದು ಕೂತಿದ್ದರು, ಅದಕ್ಕೆ.

ಇನ್ನು 2017. ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಗಂಟೆಗೆ 295 ಕಿ.ಮೀ. ವೇಗದಲ್ಲಿ ಬಾರ್ಬುಡಾದ ಮೇಲೆ ಹಾದುಹೋಯ್ತು. ಒಂದು ಪುಟ್ಟ ಮಗು ಸತ್ತಿತು. ಹೆಚ್ಚೂಕಮ್ಮಿ ಎಲ್ಲ ಮನೆಗಳೂ ಹಾಳಾದವು. ಹಿಂದೆಯೇ ಇನ್ನೊಂದು ಚಂಡಮಾರುತ ಬರ್ತಿದೆ ಅಂತ ಸರ್ಕಾರ ಇಡೀ ದ್ವೀಪವನ್ನ, ಒಂದೂವರೆ ಸಾವಿರಕ್ಕೂ ಮೇಲ್ಪಟ್ಟ ಜನರನ್ನ, ಆಂಟಿಗುವಾಕ್ಕೆ ಸಾಗಿಸಿತು. ಅದು ಸರಿಯೇ, ಜೀವ ಉಳಿಸಬೇಕಲ್ಲ. ಆ ಎರಡನೇ ಗಾಳಿ ಪಕ್ಕಕ್ಕೆ ತಿರುಗಿಹೋಯ್ತು. ಆದರೂ ಜನರನ್ನ ವಾರಗಟ್ಟಲೆ ಮನೆಗೆ ಮರಳಲು ಬಿಡಲಿಲ್ಲ. ಜನ ಆ ಕಡೆ ನಿರಾಶ್ರಿತರ ಶಿಬಿರದಲ್ಲಿದ್ದಾಗ ಈ ಕಡೆ ಅವರ ನೆಲದಲ್ಲಿ ಬುಲ್ಡೋಜರುಗಳು ಓಡಾಡ್ತಿದ್ದವು. ಮನೆ ಕಟ್ಟೋಕಲ್ಲ ಸ್ವಾಮಿ, ಹೊಸ ವಿಮಾನ ನಿಲ್ದಾಣಕ್ಕೆ!

'ಯಾರೂ ಮುಟ್ಟದ', 'ಯಾರೂ ಇಲ್ಲದ' ಅಂತ ಜಾಹೀರಾತು ಹೇಳೋದು ಇಂಥ ಜಾಗಕ್ಕೆ. ಆ ಖಾಲಿತನವನ್ನ ದುಡ್ಡು, ಕಾನೂನು, ಜೆಸಿಬಿ ಸೇರಿ ತಯಾರು ಮಾಡ್ತವೆ.

ಮುಂದಿನದ್ದು ನಿಮಗೆ ಗೊತ್ತಿರೋ ಕಥೆಯೇ. ಪ್ರಧಾನಿ ಗ್ಯಾಸ್ಟನ್ ಬ್ರೌನ್ ಒಂದು ಯೋಜನೆ ಮುಂದಿಟ್ಟರು: ಬಾರ್ಬುಡಾದವರು ತಾವು ಕೂತಿರೋ ಜಾಗವನ್ನ ಒಂದೇ ಡಾಲರಿಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ನಿಮ್ಮ ಭೂಮಿಯನ್ನ ನಿಮಗೇ ಮಾರ್ತೀವಿ, ಅದೂ ಡಿಸ್ಕೌಂಟಲ್ಲಿ! ಪಟ್ಟಾ ಇಲ್ಲದೆ ಬ್ಯಾಂಕು ಸಾಲ ಕೊಡಲ್ಲ, ಮನೆ ಕಟ್ಟೋದು ಹೇಗೆ ಅನ್ನೋದು ಸರ್ಕಾರದ ವಾದ. ಕೇಳೋಕೆ ನ್ಯಾಯ ಅನ್ನಿಸುತ್ತೆ. ಆದರೆ ಬ್ಯಾಂಕಿಗೆ ಅಡ ಇಡಬಹುದಾದ ಭೂಮಿ ಬ್ಯಾಂಕಿಗೆ ಹೋಗಬಹುದಾದ ಭೂಮಿಯೂ ಹೌದು. ಸೂರು ಹಾರಿಹೋದವನ ಕೈಗೆ ಪಟ್ಟಾ ಕೊಟ್ಟು, ಪಕ್ಕದಲ್ಲಿ ರಿಸಾರ್ಟಿನವನನ್ನ ನಿಲ್ಲಿಸಿದರೆ ಆ ಪಟ್ಟಾ ಎಷ್ಟು ದಿನ ಉಳಿಯುತ್ತೆ?

ಇಲ್ಲಿ ಒಂದು ಕ್ಷಣ ನಮ್ಮ ಊರಿಗೆ ಬರಲೇಬೇಕು. ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಇರೋದು ಇದೇ ಕಾರಣಕ್ಕೆ. ದಲಿತರಿಗೆ ಮಂಜೂರಾದ ಜಮೀನನ್ನ ಕಷ್ಟಕಾಲದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ನುಂಗೋರು ಇದ್ದಾರೆ, ಅದಕ್ಕೇ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗಬಾರದು ಅಂತ. ಇರ್ಮಾ ಬಂದ ಮರುತಿಂಗಳೇ, 2017ರ ಅಕ್ಟೋಬರಿನಲ್ಲಿ, ಜಮೀನು ವಾಪಸ್ ಕೇಳೋರು ಸಮಂಜಸವಾದ ಕಾಲದೊಳಗೆ ಬರಬೇಕು ಅಂತ ಸುಪ್ರೀಂ ಕೋರ್ಟು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಹೇಳಿತು. ತಡವಾಗಿ ಬಂದಿರಿ ಅಂತ ನಮ್ಮವರ ಅರ್ಜಿಗಳು ಬೀಳೋಕೆ ಶುರುವಾದವು. ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬರೋಕೆ 2023 ಆಯ್ತು. ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವರಿಗೆ ಬಾರ್ಬುಡಾದವರ ಸಂಕಟ ಅರ್ಥ ಮಾಡಿಸಬೇಕಾಗಿಲ್ಲ.

ಅಲ್ಲಿ ಏನಾಯ್ತು? ಕಾಯ್ದೆಯನ್ನ ಮೊದಲು ತಿದ್ದಿದರು, 2018ರಲ್ಲಿ ರದ್ದೇ ಮಾಡಿದರು. ಜನ ಕೋರ್ಟಿಗೆ ಹೋದರು. ಆ ದೇಶಕ್ಕೆ ಕೊನೆಯ ಕೋರ್ಟು ಇವತ್ತಿಗೂ ಲಂಡನ್ನಿನ ಪ್ರಿವಿ ಕೌನ್ಸಿಲ್. ಬಾರ್ಬುಡಾದವರ ಹಕ್ಕು ಸಂವಿಧಾನ ಕಾಪಾಡೋ ಆಸ್ತಿ ಹಕ್ಕಿನೊಳಗೆ ಬರಲ್ಲ ಅಂತ 2022ರಲ್ಲಿ ಅದು ತೀರ್ಪು ಕೊಟ್ಟಿತು. ಒಂದು ಕುರಿಯ ಗುತ್ತಿಗೆ ಹಕ್ಕಾಗಿತ್ತು, ತಲೆತಲಾಂತರ ಬಾಳಿ ಬೆಳೆದದ್ದು ಹಕ್ಕಲ್ಲ! ವಿಮಾನ ನಿಲ್ದಾಣದ ವಿರುದ್ಧ ಹೋಗಿದ್ದವರು ಇಬ್ಬರು: ಸಮುದ್ರ ಜೀವಶಾಸ್ತ್ರಜ್ಞ ಜಾನ್ ಮಸಿಂಗ್ಟನ್ ಮತ್ತು ನಿವೃತ್ತ ಶಿಕ್ಷಕಿ ಜ್ಯಾಕ್ಲಿನ್ ಫ್ರಾಂಕ್. ಇದನ್ನ ಪ್ರಶ್ನಿಸೋಕೆ ನೀವ್ಯಾರು ಅಂತ ಕೆಳಗಿನ ಮೇಲ್ಮನವಿ ಕೋರ್ಟು ಅವರನ್ನ ವಾಪಸ್ ಕಳಿಸಿತ್ತು. ಊರಿನವರಿಗೆ ಊರಿನ ನೆಲದ ಬಗ್ಗೆ ಕೇಳೋ ಹಕ್ಕು ಇದೆಯಾ ಇಲ್ಲವಾ ಅನ್ನೋದೇ ಲಂಡನ್ನಿನವರೆಗೂ ಹೋದ ವ್ಯಾಜ್ಯ. 2024ರ ಫೆಬ್ರವರಿಯಲ್ಲಿ 'ಹಕ್ಕಿದೆ' ಅಂತ ಪ್ರಿವಿ ಕೌನ್ಸಿಲ್ ಹೇಳಿತು. ಅಷ್ಟರಲ್ಲಿ ರನ್‌ವೇ ಆಗಿಹೋಗಿತ್ತು.

ಈಗ ಅಲ್ಲಿ ಯಾರಿದ್ದಾರೆ? ಶಾಂಪೂ ಮತ್ತು ಟಕೀಲಾದಲ್ಲಿ ಕೋಟ್ಯಧಿಪತಿಯಾದ ಜಾನ್ ಪಾಲ್ ಡಿಜೋರಿಯಾ ಹಣ ಹೂಡಿರೋ ಬಾರ್ಬುಡಾ ಓಷನ್ ಕ್ಲಬ್ ಇದೆ. ಶ್ರೀಮಂತರ ಮನೆಗಳು, ಗಾಲ್ಫ್ ಮೈದಾನ. ಅದು ಎದ್ದಿರೋ ಪಾಮೆಟೊ ಪಾಯಿಂಟ್, ರಾಮ್ಸಾರ್ ಪಟ್ಟಿಯಲ್ಲಿರೋ ಕಾಡ್ರಿಂಗ್ಟನ್ ಲಗೂನಿನ ರಾಷ್ಟ್ರೀಯ ಉದ್ಯಾನದ ಜಾಗ. ಇನ್ನೊಂದು ಕಡೆ ಹಾಲಿವುಡ್ ನಟ ರಾಬರ್ಟ್ ಡಿ ನಿರೋ ಅವರ ರಿಸಾರ್ಟು. ಅದಕ್ಕಾಗಿ 2015ರಲ್ಲೇ ಭೂ ಕಾಯ್ದೆಯನ್ನ ಬದಿಗಿಟ್ಟು ಪ್ರತ್ಯೇಕ ಕಾನೂನೇ ಮಾಡಿದ್ದರು. ಅಂದರೆ ಚಂಡಮಾರುತ ಬರೀ ನೆಪ. ಬೀಚು ಇವತ್ತಿಗೂ ಸಾರ್ವಜನಿಕ ಅಂತ ಕಾನೂನು ಹೇಳುತ್ತೆ. ನಮ್ಮಲ್ಲೂ ಊರ ಬಾವಿ ಎಲ್ಲರದೇ, ಬಾವಿಗೆ ಹೋಗೋ ದಾರಿ ಮಾತ್ರ ಗೌಡರ ಹೊಲದಲ್ಲಿ.

ಇದನ್ನೆಲ್ಲ ಮಾಡ್ತಿರೋರು ಬಿಳಿಯರಲ್ಲ. ಆಂಟಿಗುವಾ ಮತ್ತು ಬಾರ್ಬುಡಾ 1981ರ ನವೆಂಬರ್ 1ರಂದು ಸ್ವತಂತ್ರವಾಯ್ತು. ಆಗಲೇ ಬಾರ್ಬುಡಾದವರು ನಮ್ಮನ್ನ ಆಂಟಿಗುವಾಕ್ಕೆ ಕಟ್ಟಬೇಡಿ ಅಂತ ಗೋಗರೆದಿದ್ದರು, ಯಾರೂ ಕೇಳಲಿಲ್ಲ. ಇವತ್ತು ಸರ್ಕಾರ ನಡೆಸ್ತಿರೋರು ಕಪ್ಪು ಜನರೇ, ಗುಲಾಮರ ಮೊಮ್ಮಕ್ಕಳೇ. ಆಂಟಿಗುವಾದಲ್ಲೇ ಹುಟ್ಟಿದ ಲೇಖಕಿ ಜಮೈಕಾ ಕಿನ್‌ಕೇಡ್ 1988ರಲ್ಲಿ ಬರೆದ 'ಎ ಸ್ಮಾಲ್ ಪ್ಲೇಸ್' ಅನ್ನೋ ಸಣ್ಣ ಪುಸ್ತಕ ಇದೆ, ಹುಡುಕಿ ಓದಿ. ಪ್ರವಾಸಿಗನಿಗೆ ಉಗಿದಷ್ಟೇ ಖಾರವಾಗಿ ತನ್ನ ದೇಶದ ಭ್ರಷ್ಟ ಮಂತ್ರಿಗಳಿಗೂ ಆಕೆ ಉಗೀತಾಳೆ. ದುಡ್ಡಿದ್ದವರಿಗೆ ಪಾಸ್‌ಪೋರ್ಟನ್ನೇ ಮಾರೋ ದೇಶ ಅದು. ಪಿಎನ್‌ಬಿ ಹಗರಣದ ಆರೋಪಿ ಮೆಹುಲ್ ಚೋಕ್ಸಿಗೆ 2017ರಲ್ಲಿ ಪೌರತ್ವ ಮಂಜೂರಾದದ್ದು ಅಲ್ಲೇ. ಬಾರ್ಬುಡಾದ ಅಜ್ಜಿ ತನ್ನ ಮನೆಗೆ ಮರಳೋಕೆ ಅಪ್ಪಣೆ ಕಾಯ್ತಿದ್ದ ವರ್ಷ ಅದು.

ಮೀಸಲು ಕ್ಷೇತ್ರದಿಂದ ಗೆದ್ದು, ನಮ್ಮ ಜಯಂತಿಗೆ ಬಂದು ಹಾರ ಹಾಕಿಸಿಕೊಂಡು, ಆಮೇಲೆ ಕೈಗಾರಿಕಾ ಪ್ರದೇಶಕ್ಕೆ ಅಂತ ನಮ್ಮದೇ ಮಂಜೂರಾತಿ ಜಮೀನಿನ ಫೈಲಿಗೆ ತೆಪ್ಪಗೆ ಕೈ ಎತ್ತೋ ಅಣ್ಣಂದಿರು ಇಲ್ಲೂ ಇದ್ದಾರಲ್ಲ. 'ನಮ್ಮವರು' ಅಂತ ಎಷ್ಟು ದಿನ ಬಾಯಿ ಮುಚ್ಕೊಂಡು ಇರೋದು? ಬಣ್ಣ ಒಂದೇ, ಜಾತಿ ಒಂದೇ ಅನ್ನೋದು ಓಟು ಹಾಕೋವಾಗ ನೆನಪಾಗಿ, ಭೂಮಿ ಹೋಗೋವಾಗ ಮರೆತುಹೋಗೋದಾದರೆ ಆ ಒಂದೇತನ ಯಾರಿಗೆ ಬೇಕು? ನಮಗೂ ಕಪ್ಪು ಜನರಿಗೂ ಇರೋ ನಂಟು ಇವತ್ತಿನದಲ್ಲ. 1946ರಲ್ಲಿ ಬಾಬಾಸಾಹೇಬರು ಡಬ್ಲ್ಯೂ.ಇ.ಬಿ. ಡುಬೋಯಿಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಮೆರಿಕದ ಕಪ್ಪು ಜನ ಕೊಡಲಿದ್ದ ಮನವಿಯ ಬಗ್ಗೆ ವಿಚಾರಿಸಿದ್ದರು. ಆ ನಂಟು ಬಾರ್ಬುಡಾದಲ್ಲಿ ಕುರ್ಚಿ ಮೇಲೆ ಕೂತ ಬ್ರೌನ್ ಜೊತೆಯಲ್ಲ, ಕೋರ್ಟಿಗೆ ಅಲೆದ ಆ ಶಿಕ್ಷಕಿಯ ಜೊತೆ.

ವಿದೇಶದಲ್ಲಿರೋ ನಮ್ಮ ಹುಡುಗ ಹುಡುಗಿಯರು ಇದನ್ನ ಓದ್ತಿದ್ದರೆ, ಹೋಗೋ ಆಸೆ ಇದ್ದರೆ ಖಂಡಿತ ಹೋಗಿ. ಆದರೆ ಬೀಚಿನ ಎದುರು ನಿಂತು ವಾಪಸ್ ತಿರುಗೋ ಪ್ಯಾಕೇಜು ಬೇಡ. ದೋಣಿಯಲ್ಲಿ ಹೋಗಿ ಊರಿಗೇ ನಡೆಯಿರಿ. ಕಾಡ್ರಿಂಗ್ಟನ್ನಿನಲ್ಲಿ ಊರಿನವರದೇ ಗೆಸ್ಟ್ ಹೌಸ್ ಸಿಕ್ಕರೆ ಒಂದು ರಾತ್ರಿ ಉಳಿಯಿರಿ. ಲಗೂನಿನಲ್ಲಿ ಗಂಡು ಫ್ರಿಗೇಟ್ ಹಕ್ಕಿಗಳು ಕೆಂಪು ಬಲೂನಿನ ಹಾಗೆ ಗಂಟಲು ಉಬ್ಬಿಸ್ಕೊಂಡು ಕೂತಿರ್ತವೆ, ಅದನ್ನ ತೋರಿಸೋಕೆ ಊರಿನ ದೋಣಿಯವರನ್ನೇ ಕರೀರಿ. ಲಾಬ್‌ಸ್ಟರನ್ನ ಹಿಡಿದವರ ಕೈಯಿಂದಲೇ ಕೊಳ್ಳಿ. ಇರ್ಮಾ ಬಂದಾಗ ನೀವೆಲ್ಲಿದ್ದಿರಿ, ಯಾವಾಗ ಮನೆಗೆ ಬಂದಿರಿ, ಈಗ ಯಾವ ಕಡೆ ಬೇಲಿ ಹಾಕಿದ್ದಾರೆ ಅಂತ ಕೇಳಿ. ವಿಡಿಯೋ ಮಾಡಿದರೆ ಅವರ ಮಾತೂ ಅದರಲ್ಲಿ ಇರಲಿ, ಆ ವಿಡಿಯೋವನ್ನ ನನಗೂ ಕಳಿಸಿ.

ಜೈಭೀಮ್.