ಕ್ರಯಪತ್ರದ ಲೋಪಸಂಧಿ

ಮೂಡಲಪಾಳ್ಯವಿರುವುದು ಬೆಂಗಳೂರಿನ ಪಡುವಣಕ್ಕೆ. ಹೆಸರಿಟ್ಟ ಹಿರಿಯರು ಎಲ್ಲಿ ನಿಂತು ದಿಕ್ಕು ನೋಡಿದರೋ ಕಾಣೆ. ಅಲ್ಲಿರುವ ನಮ್ಮ ತಂದೆಯವರ ಮನೆಯನ್ನು ಮಾರಬೇಕೆಂದು ಹೊರಟ ಈ ಎಂಟು ತಿಂಗಳಲ್ಲಿ ದಿಕ್ಕಿನ ವಿಚಾರವಾಗಿ ನಾನು ಎದುರಿಸಿದಷ್ಟು ಪ್ರಶ್ನೆಗಳನ್ನು ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ಯಾವ ವಿಷಯದ ಮೇಲೂ ಎದುರಿಸಿಲ್ಲ. ಬಾಗಿಲು ಯಾವ ಕಡೆಗೆ? ಅಡಿಗೆಮನೆ ಆಗ್ನೇಯದಲ್ಲಿದೆಯೆ? ನೀರಿನ ಸಂಪು ಈಶಾನ್ಯಕ್ಕೆ ಇದೆಯಷ್ಟೆ? ಒಬ್ಬ ಮಹನೀಯರು ನಡುಮನೆಯಲ್ಲಿ ನಿಂತು ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, ಬಾಗಿಲು ಪೂರ್ವಕ್ಕೆ ಸರಿಯಾಗಿಲ್ಲ, ಕೊಂಚ ವಾಲಿದೆ ಎಂದು ಎರಡು ಲಕ್ಷ ಇಳಿಸಲು ಹೇಳಿದರು. ಇಂಜಿನಿಯರರು, ಬ್ಯಾಂಕಿನವರು, ನನ್ನಂತೆಯೇ ಪಾಠ ಹೇಳುವವರು ಒಬ್ಬಿಬ್ಬರು, ಹೀಗೆ ಹದಿನಾಲ್ಕು ಮಂದಿ ಬಂದು ಹೋದರು. ಈ ನೆಲವನ್ನು ನಿಮ್ಮ ತಂದೆಗೆ ಬರೆದುಕೊಟ್ಟವರು ಯಾರು, ಬರೆದುಕೊಡಬೇಕಾಗಿದ್ದೂ ಬರೆದುಕೊಡದವರು ಯಾರು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಕೇಳಿದ್ದರೆ ಹೇಳುವುದಕ್ಕೆ ನನ್ನಲ್ಲಿ ಉತ್ತರವಿದ್ದಿತು. ನಮ್ಮ ತಂದೆ ಗುಮಾಸ್ತರಾಗಿದ್ದವರು. 1986ರಲ್ಲಿ ಮೂವತ್ತು–ನಲವತ್ತರ ಈ ನಿವೇಶನವನ್ನು ಹಿಡಿದರು. ಅದು ಜನ ‘ರೆವೆನ್ಯೂ ಸೈಟು’ ಎಂದು ಕರೆಯುವ ಜಾತಿಯದು. ಅಂದರೆ, ಹೊಲವಾಗಿದ್ದ ನೆಲ, ಭೂಪರಿವರ್ತನೆಯಾಗಿಲ್ಲ. ಬೇಸಾಯಗಾರರಲ್ಲದವರು ಹೊಲ ಕೊಳ್ಳುವುದಕ್ಕೆ ಆಗ ಭೂಸುಧಾರಣೆ ಕಾಯಿದೆಯ ತಡೆಯಿದ್ದಿತು. ಅದು ತೆಗೆದುಹೋದದ್ದು 2020ರಲ್ಲಿ. ಆದುದರಿಂದ ಊರೆಲ್ಲ ಮಾಡಿದಂತೆ ಅವರೂ ಒಂದು ಕರಾರುಪತ್ರ, ಒಂದು ಅಧಿಕಾರಪತ್ರ, ಅಂದರೆ ಜನರ ಬಾಯಲ್ಲಿ ಜಿಪಿಎ, ಇವನ್ನು ಪಡೆದು ಮನೆ ಕಟ್ಟಿದರು. ಇಂಥ ಕಾಗದದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಖಂಡಿತವಾಗಿ ಹೇಳಿತು. ತಂದೆಯವರಿಗೆ ಅಷ್ಟು ಹೊತ್ತಿಗೆ ಮೊದಲೇ ಭಯ ಹೊಕ್ಕಿತ್ತು. 1996ರಲ್ಲಿ ಓಡಾಡಿ ಶುದ್ಧಕ್ರಯಪತ್ರವನ್ನು ನೋಂದಣಿ ಮಾಡಿಸಿಕೊಂಡರು. ಹೊಲದ ಯಜಮಾನ ಆ ವೇಳೆಗೆ ತೀರಿಹೋಗಿದ್ದ. ಮೂವರು ಗಂಡುಮಕ್ಕಳು ಸಹಿ ಮಾಡಿದರು. ಇಬ್ಬರು ಹೆಣ್ಣುಮಕ್ಕಳು ಮಾಡಲಿಲ್ಲ. ಮಾಡಲಿಲ್ಲವೆನ್ನುವುದೂ ತಪ್ಪು. ಅವರನ್ನು ಯಾರೂ ಕರೆಯಲಿಲ್ಲ.

ವ್ಯಾಕರಣದ ಮೇಷ್ಟರಾದ ನನಗೆ ಲೋಪಸಂಧಿ ನೆನಪಾಗುತ್ತದೆ. ಸ್ವರಕ್ಕೆ ಸ್ವರ ಪರವಾದಾಗ ಮೊದಲಿನದು ಬಿದ್ದುಹೋಗುತ್ತದೆ. ಊರಿನ ಉಕಾರ ಹೋಗಿ ‘ಊರಲ್ಲಿ’ ಆಗುತ್ತದೆ. ಆದರೆ ಅದಕ್ಕೊಂದು ಷರತ್ತಿದೆ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ: ಅರ್ಥ ಕೆಡಬಾರದು. ನಮ್ಮ ಕ್ರಯಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಅರ್ಥ ಕೆಟ್ಟಿತೆಂದು ಯಾರಿಗೂ ತೋರಲಿಲ್ಲ. ಉಯಿಲಿಲ್ಲದೆ ಸತ್ತ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಎಂಬುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲಿ ನಮ್ಮ ಕರ್ನಾಟಕವೇ ಮುಂದಾಗಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು, ಮದುವೆಯ ಭೇದವಿಲ್ಲದೆ, ಬಂದಿತು. ಕಾಯಿದೆ ಬಂದರೇನು? ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಮುಗಿಸುವ ಅಣ್ಣಂದಿರು ಅದಕ್ಕಿಂತ ಹಳಬರು.

ನಮ್ಮ ಮಧ್ಯಮವರ್ಗದ ಖರೀದಿದಾರನಿಗೆ ಇದು ಕಾಣುವುದಿಲ್ಲ. ಅವನ ಕಣ್ಣೆಲ್ಲ ಖಾತೆಯ ಮೇಲೆ. ‘ಎ’ ಖಾತೆಯೋ ‘ಬಿ’ ಖಾತೆಯೋ? ಸ್ವಾಮಿ, ಖಾತೆ ಎಂದರೇನು? ಕಂದಾಯದ ಲೆಕ್ಕ ಬರೆಯುವ ಪುಟ. ಕಿರಾಣಿ ಅಂಗಡಿಯಲ್ಲಿ ನನ್ನ ಹೆಸರಿಗೊಂದು ಖಾತೆಯಿದ್ದರೆ ಅಂಗಡಿ ನನ್ನದಾಗುತ್ತದೆಯೆ? 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ, ಕಟ್ಟಳೆಗೆ ಹೊಂದದ ಆಸ್ತಿಗಳಿಂದಲೂ ತೆರಿಗೆ ಬರಲೆಂದು ‘ಬಿ’ ಎಂಬ ಬೇರೆ ರಿಜಿಸ್ಟರು ಬಂದಿತು. 2024ರ ಅಕ್ಟೋಬರಿನಿಂದ ಇ–ಖಾತೆಯಿಲ್ಲದೆ ನಗರದಲ್ಲಿ ಕ್ರಯದ ನೋಂದಣಿಯೇ ಇಲ್ಲವೆಂದಾಯಿತು. 2025ರಲ್ಲಿ ಆ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಬಂದವು. ‘ಬಿ’ಯನ್ನು ‘ಎ’ ಮಾಡಿಕೊಡುವ ಯೋಜನೆಯೂ ಬಂದಿತು. ಒಳ್ಳೆಯದೇ. ಆದರೆ ‘ಎ’ ಎಂಬ ಅಕ್ಷರ ಬಂದ ಮಾತ್ರಕ್ಕೆ ಬಿಟ್ಟುಹೋದ ಆ ಇಬ್ಬರು ಹೆಂಗಸರು ಸಹಿ ಮಾಡಿದಂತಾಗುವುದಿಲ್ಲ.

ಋಣಭಾರದ ಪ್ರಮಾಣಪತ್ರವಿದೆಯಲ್ಲ ಎನ್ನುತ್ತೀರಿ. ಈಗ ಅದು ‘ಕಾವೇರಿ’ ತಂತ್ರಾಂಶದಲ್ಲಿ ಮನೆಯಲ್ಲೇ ಸಿಗುತ್ತದೆ. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಕೇಳದೆ ಬಿಟ್ಟ ತಂಗಿ, ಇವರಾರೂ ಅಲ್ಲಿ ಬರುವುದಿಲ್ಲ. ನಮ್ಮ ಕಾಗದಗಳೆಲ್ಲ ಸಹಿ ಹಾಕಿದವರ ಪಟ್ಟಿ. ಹಾಕದವರ ಪಟ್ಟಿಯನ್ನು ಯಾವ ಕಚೇರಿಯೂ ಇಟ್ಟಿಲ್ಲ. ಬ್ಯಾಂಕು ಸಾಲ ಕೊಟ್ಟಿದೆಯಾದ್ದರಿಂದ ಎಲ್ಲ ಸರಿಯಿರಬೇಕು ಎಂಬುದು ಇನ್ನೊಂದು ಸಮಾಧಾನ. ಬ್ಯಾಂಕು ನೋಡಿಕೊಳ್ಳುವುದು ತನ್ನ ಸಾಲವನ್ನು. ಸರ್ಕಾರವೋ, ನಲವತ್ತೈದು ಲಕ್ಷಕ್ಕೆ ಮೇಲ್ಪಟ್ಟ ಮನೆಗೆ ನೂರಕ್ಕೆ ಐದರಂತೆ ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಒಂದರ ಬದಲು ಎರಡು, ಇಷ್ಟನ್ನೂ ಎಣಿಸಿಕೊಂಡು ಮೊಹರು ಒತ್ತುತ್ತದೆ. ಒಡೆತನಕ್ಕೆ ಮಾತ್ರ ಜವಾಬು ಹೇಳುವುದಿಲ್ಲ. ನೋಂದಣಿ ಒಡೆತನದ ಕೊನೆಯ ರುಜುವಾತಲ್ಲ ಎಂಬುದನ್ನು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಮತ್ತೆ ಹೇಳಬೇಕಾಯಿತು.

ನನ್ನ ದಳ್ಳಾಳಿ ಸಜ್ಜನ. ಹೆಣ್ಣುಮಕ್ಕಳ ವಿಚಾರವನ್ನು ಕೊಳ್ಳುವವರಿಗೆ ಹೇಳುತ್ತೇನೆಂದಾಗ ಅವರು ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. “ಎಲ್ಲರದೂ ಹಾಗೇ ಸಾರ್. ಕೇಳದಿದ್ದರೆ ನೀವಾಗಿ ಯಾಕೆ ಹೇಳ್ತೀರಿ?” ಈ ‘ಎಲ್ಲರದೂ ಹಾಗೇ’ ಎಂಬುದು ಬೆಂಗಳೂರಿನ ಅರ್ಧ ಊರನ್ನು ಕಟ್ಟಿದ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಬೇರೆಯೇ ಹೇಳುತ್ತದೆ: ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೋಷವನ್ನು ಮಾರುವವನೇ ಹೇಳಬೇಕು. ವಕೀಲರೊಬ್ಬರು, ಇಷ್ಟು ವರ್ಷವಾಯಿತು, ಆ ಹೆಂಗಸರ ಕಾಲಮಿತಿ ಮೀರಿರಬಹುದು ಎಂದರು. ಇರಬಹುದು. ಆದರೆ ಆ ‘ಬಹುದು’ ಎಂಬುದಕ್ಕೂ ಸೇರಿಸಿಯೇ ದುಡ್ಡು ಕೊಡುವವನಿಗೆ ಅದು ಗೊತ್ತಿರಬೇಡವೆ? ಹೇಳಿದೆ. ಹದಿನಾಲ್ಕರಲ್ಲಿ ಹನ್ನೊಂದು ಮಂದಿ ಮತ್ತೆ ಬರಲಿಲ್ಲ. ಇಬ್ಬರು ಬೆಲೆ ಮುರಿದರು. ಇನ್ನೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, “ಅದೆಲ್ಲ ಇರಲಿ, ಬಾಗಿಲು ಪೂರ್ವವೇ ತಾನೆ?” ಎಂದರು.

ಇಷ್ಟು ಬರೆದವನು ನಾನು ಶುದ್ಧನೆಂದು ಓದುಗರು ತಿಳಿಯಬಾರದು. ತಂದೆ ಉಯಿಲು ಬರೆಯಲಿಲ್ಲ. ತಾಯಿ ಅವರಿಗಿಂತ ಮೊದಲೇ ಹೋದರು. ಉಳಿದವರು ನಾನು, ನನ್ನ ತಂಗಿ. ದಳ್ಳಾಳಿ ಮೊದಲ ದಿನವೇ “ತಂಗಿಯವರ ಹತ್ತಿರ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಬಿಡಿ” ಎಂದಾಗ, “ಅದಕ್ಕೇನು, ಮಾಡುತ್ತಾಳೆ” ಎಂದುಬಿಟ್ಟೆ. ಅವಳನ್ನು ಕೇಳಿರಲಿಲ್ಲ. ಪತ್ರ ಸಿದ್ಧವಾಗಿ ಬಂದಿತು. ಅವಳು ಕನ್ನಡಕ ಮರೆತು ಬಂದಿದ್ದಳು. “ನೀನೇ ಓದು, ಕನ್ನಡ ಮೇಷ್ಟ್ರು” ಎಂದಳು. ಓದತೊಡಗಿದೆ. ಯಾರ ಬಲವಂತವೂ ಪ್ರೇರಣೆಯೂ ಇಲ್ಲದೆ, ಸ್ವಸಂತೋಷದಿಂದ, ಪ್ರೀತಿ ವಿಶ್ವಾಸಕ್ಕಾಗಿ ಎಂಬಲ್ಲಿಗೆ ಬಂದಾಗ ಗಂಟಲು ಕಟ್ಟಿತು. ಕರಡು ಬರೆದವನು ಆ ಸಂತೋಷವನ್ನು ಅವಳಲ್ಲಿ ಯಾವಾಗ ಕಂಡ? ಅವಳು ಸುಮ್ಮನೆ ಕುಳಿತು ಕೇಳುತ್ತಿದ್ದಳು, ಪೆನ್ನು ಕೈಯಲ್ಲಿತ್ತು. ಬಹುಶಃ ಸಹಿ ಮಾಡಿಯೂ ಬಿಡುತ್ತಿದ್ದಳು. ಆ ಕಾಗದ ಈಗ ನನ್ನ ಮೇಜಿನಲ್ಲಿ ಸಹಿಯಿಲ್ಲದೆ ಬಿದ್ದಿದೆ. ಕ್ರಯಪತ್ರಕ್ಕೆ ಇಬ್ಬರೂ ಸಹಿ ಮಾಡುತ್ತೇವೆ, ಬಂದದ್ದರಲ್ಲಿ ಅರ್ಧ ಅವಳದು. ನನ್ನ ಮನೆಯಲ್ಲಿ ಇದಕ್ಕೆ ಎಲ್ಲರ ಮುಖವೂ ಅರಳಿತೆಂದು ಹೇಳಲಾರೆ.

ಹೊಲದ ಯಜಮಾನನ ಹಿರಿಯ ಮಗಳು ಎರಡು ಬೀದಿ ಆಚೆ ಇದ್ದಾರೆಂದು ತಿಳಿದದ್ದು ಆಮೇಲೆ. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದೆವು. ಕಳೆದ ಭಾನುವಾರ ತಂಗಿಯನ್ನು ಕರೆದುಕೊಂಡು, 1996ರ ಪತ್ರದ ನಕಲು ಹಿಡಿದು ಹೋದೆ. ಎಪ್ಪತ್ತು ದಾಟಿದ ಮುದುಕಿ. ತಮ್ಮಂದಿರಿಗೆ ಎಷ್ಟು ಬಂತೆಂದು ಕೇಳಿದರು; ಪತ್ರದಲ್ಲಿದ್ದ ಮೊತ್ತ ಹೇಳಿದೆ, ನಕ್ಕರು. ಪೂರ್ತಿ ಓದಿ ಎಂದರು. ಓದಿದೆ. ಚಕ್ಕುಬಂದಿಯಲ್ಲಿ ‘ಪೂರ್ವಕ್ಕೆ ರಸ್ತೆ’ ಎಂದು ಬಂದಾಗ ಕೈಯೆತ್ತಿ ನಿಲ್ಲಿಸಿದರು.

“ರಸ್ತೆ ಎಲ್ಲಿತ್ತಪ್ಪ ಆಗ? ಅಲ್ಲಿ ನಮ್ಮ ಹುಣಿಸೇಮರ ಇತ್ತು.”

ಸಹಿಯ ಮಾತು ಇನ್ನೂ ತೆಗೆದಿಲ್ಲ. ಬರುವ ಭಾನುವಾರ ಮತ್ತೆ ಹೋಗಬೇಕು.